"ಯೋಚನೆ ಜಾಸ್ತಿ" ಅಂದರೆ ಯಾವ ಯೋಚನೆ?

"ಯೋಚನೆ ಜಾಸ್ತಿ ಮೇಡಂ, ನಿದ್ದೆ ಇಲ್ಲ." ನನ್ನ ಮುಂದೆ ಕೂತವರಲ್ಲಿ ಎಷ್ಟೋ ಜನರ ಮೊದಲ ಮಾತು ಇದು. ನಾನು ಕೇಳುತ್ತೇನೆ: ಅದು ಮಾತಾಗಿ ಬರುತ್ತಾ, ಚಿತ್ರವಾಗಿ ಬರುತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು "ಚಿತ್ರ" ಅನ್ನುವವರು ಕಡಿಮೆಯೇನಿಲ್ಲ.

ಹೀಗೆ ಚಿತ್ರವಾಗಿ, ಕರೆಯದೇ ಬರುವ ನೆನಪು ಅಂದ ಕೂಡಲೇ ನಮಗೆ ಹೊಳೆಯುವುದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಕಾಯಿಲೆ ಸೇರಿದಾಗಿನಿಂದ ಇಂಥ ನೆನಪು ಅದರ ಗುರುತು. ಆದರೆ ಅದೊಂದರದೇ ಅಲ್ಲ. ಖಿನ್ನತೆ ಇರುವವರಿಗೂ ಹತ್ತಿರದವರ ಸಾವು, ಕಾಯಿಲೆ, ಮನೆಯ ಜಗಳ ಹೀಗೇ ನುಗ್ಗಿ ಬರುತ್ತವೆ ಎಂದು ಲಂಡನ್ನಿನ ಮನೋವಿಜ್ಞಾನಿ ಕ್ರಿಸ್ ಬ್ರೂಯಿನ್ 1990ರ ದಶಕದಲ್ಲೇ ತೋರಿಸಿದರು. ನಾಲ್ಕು ಜನರ ಮುಂದೆ ನಿಲ್ಲಲು ವಿಪರೀತ ಅಂಜುವವರನ್ನು ಮನೋವಿಜ್ಞಾನಿ ಆನ್ ಹ್ಯಾಕ್‌ಮನ್ ಅವರ ತಂಡ 2000ರಲ್ಲಿ ಮಾತಾಡಿಸಿತು. ಅವರಿಗೆ ಪದೇ ಪದೇ ಕಾಣುವ ಚಿತ್ರದ ಹಿಂದೆ ಹೆಚ್ಚಾಗಿ ಇದ್ದದ್ದು ಹಳೆಯ ಗೇಲಿ, ಅವಮಾನ.

ಹಾಗಾದರೆ ಎಲ್ಲ ಒಂದೇನಾ? ಅಲ್ಲ. ಪಿಟಿಎಸ್‌ಡಿಯಲ್ಲಿ ಘಟನೆ ಈಗಲೇ ನಡೀತಿದೆ ಅನ್ನಿಸುತ್ತದೆ. ಬೈಕ್ ಅಪಘಾತವಾದ ಒಬ್ಬರಿಗೆ ಕಾಣುತ್ತಿದ್ದುದು ಡಿಕ್ಕಿಯಲ್ಲ, ಅದಕ್ಕೆ ಮುಂಚಿನ ಲಾರಿಯ ಹೆಡ್‌ಲೈಟ್. ಹೀಗೆ ಕಾಡುವುದು ಹೆಚ್ಚಾಗಿ ಕೆಟ್ಟದ್ದು ಬರುವ ಮುಂಚಿನ ಸುಳಿವೇ ಎಂದು ಮನೋವಿಜ್ಞಾನಿ ಆಂಕೆ ಎಹ್ಲರ್ಸ್ ವಿವರಿಸಿದ್ದಾರೆ. ಖಿನ್ನತೆಯಲ್ಲಿ ಚಿತ್ರ ಬಂದು ಹೋಗುತ್ತದೆ, ಆಮೇಲೆ "ನನಗೇ ಯಾಕೆ ಹೀಗಾಯ್ತು" ಎಂಬ ಕೊರಗು ಗಂಟೆಗಟ್ಟಲೆ ನಡೆಯುತ್ತದೆ. ಬೇಡವೆಂದರೂ ಒಂದೇ ಯೋಚನೆ ಮತ್ತೆ ಮತ್ತೆ ಬಂದು ಕಾಡುವ ಓಸಿಡಿ ಕಾಯಿಲೆಯಲ್ಲಂತೂ ಹೆದರಿಸುವ ಚಿತ್ರ ಎಷ್ಟೋ ಸಲ ನಡೆದದ್ದೇ ಅಲ್ಲ. ನಮ್ಮ ಮಾತಿನಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ಯೋಚನೆ. ಕಾಯಿಲೆ ಗುರುತಿಸಲು ತುಂಬಿಸುವ ಪ್ರಶ್ನೆಗಳ ಫಾರಂನಲ್ಲೂ ಇದೇ ಗೊಂದಲ ಅಲ್ವಾ!

ಚಿತ್ರವಾದರೆ ಚಿತ್ರದ ದಾರಿಯಲ್ಲೇ ಹಿಡಿಯಬಹುದೇ? ಮನೋವಿಜ್ಞಾನಿ ಎಮಿಲಿ ಹೋಮ್ಸ್ ಅವರ ತಂಡ ಆಕ್ಸ್‌ಫರ್ಡ್‌ನ ತುರ್ತು ಚಿಕಿತ್ಸಾ ವಿಭಾಗದಲ್ಲಿ ರಸ್ತೆ ಅಪಘಾತವಾದ 71 ಜನರ ಮೇಲೆ ಇದನ್ನು ನೋಡಿತು. ಫಲಿತಾಂಶ ಬಂದದ್ದು 2017ರಲ್ಲಿ. 6 ಗಂಟೆಯೊಳಗೆ ಘಟನೆಯನ್ನು ನೆನೆದು ಸುಮಾರು 20 ನಿಮಿಷ ಟೆಟ್ರಿಸ್ (ಮೇಲಿಂದ ಬೀಳುವ ತುಂಡುಗಳನ್ನು ಕಣ್ಣಲ್ಲೇ ಅಳೆದು ಜೋಡಿಸುವ ವಿಡಿಯೋ ಆಟ) ಆಡಿದವರಿಗೆ ಮುಂದಿನ ವಾರ ಅಂಥ ನೆನಪು ಕಡಿಮೆ ಬಂತು. ಒಂದೇ ವಾರದ ಲೆಕ್ಕ ಅನ್ನುವುದನ್ನು ಮರೆಯಬಾರದು. ಹಳೆಯ ನೋವಿಗೆ ಮೊಬೈಲ್ ಆಟ ಸಾಕು ಅಂತ ಯಾರಿಗೂ ಹೇಳಲಾರೆ.

ಹೋಮ್ಸ್ ತಂಡದ ಒಂದು ಉಪಾಯವನ್ನು ಮಾತ್ರ ನಾನೂ ಬಳಸುತ್ತೇನೆ: ನೆನಪು ಬಂದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು. "ದಿನವಿಡೀ ಕಾಡುತ್ತೆ" ಅಂತಿದ್ದ ಒಬ್ಬರು ವಾರದ ನಂತರ ಡೈರಿ ತೆರೆದರು. ಗೀಟುಗಳೆಲ್ಲ ಸಂಜೆ ಆರರ ಸುತ್ತ ಇದ್ದವು. ಅಪ್ಪ ತೀರಿಕೊಂಡ ಫೋನ್ ಬಂದ ಹೊತ್ತು.