ಮೂರನೇ ದಿನದ ಜ್ವರ

ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬುದು ಬ್ಯಾಕ್ಟೀರಿಯಾದ ವಿಷದಿಂದ ಬಿಪಿ ಕುಸಿಯುವ ಕಾಯಿಲೆ. ಅದು ಟ್ಯಾಂಪೂನ್ (ಮುಟ್ಟಿನ ರಕ್ತ ಹೀರಲು ಒಳಗೆ ಇಟ್ಟುಕೊಳ್ಳುವ ಸುರುಳಿ) ಬಳಸುವವರ ಕಾಯಿಲೆ ಎಂಬ ಹೆಸರು ಬಿದ್ದಿದ್ದು 1980ರಲ್ಲಿ. ಅಮೆರಿಕದಲ್ಲಿ ಆ ವರ್ಷ ಮುಟ್ಟಾದ ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರಿದರು, ವಿಪರೀತ ಹೀರುತ್ತಿದ್ದ 'ರಿಲೈ' ಟ್ಯಾಂಪೂನ್ ಮಾರುಕಟ್ಟೆಯಿಂದ ವಾಪಸಾಯಿತು. ಆದರೆ 1978ರಲ್ಲೇ ಅಲ್ಲಿನ ಡೆನ್ವರ್ ನಗರದ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಈ ಕಾಯಿಲೆಗೆ ಹೆಸರಿಟ್ಟಿದ್ದು ಏಳು ಮಕ್ಕಳನ್ನು ನೋಡಿ. ಅವರಲ್ಲಿ ಗಂಡುಹುಡುಗರೂ ಇದ್ದರು.

ಮಂಡ್ಯದ ಕಡೆ ಟ್ಯಾಂಪೂನ್ ಕೇಳುವವರು ಕಡಿಮೆ. ಹಂಡೆಯ ಬಿಸಿನೀರು ಮೈಮೇಲೆ ಸುರಿದುಕೊಳ್ಳುವ ಮಕ್ಕಳು ಮಾತ್ರ ಇದ್ದೇ ಇರುತ್ತಾರೆ. ಆಲೆಮನೆಯ ಪಾಕ ಇನ್ನೂ ಕೆಟ್ಟದ್ದು: ಹದಕ್ಕೆ ಬಂದಾಗ ಅದರ ಬಿಸಿ 115 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಈ ಕಾಯಿಲೆಯ ಮಟ್ಟಿಗೆ ನಮ್ಮಲ್ಲಿ ಕಣ್ಣಿಡಬೇಕಾದ್ದು ಇಂಥ ಸುಟ್ಟಗಾಯಗಳ ಮೇಲೆ ಎಂಬುದು ನನ್ನ ಅಭಿಪ್ರಾಯ.

ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹತ್ತರಲ್ಲಿ ಮೂವರ ಮೂಗಿನಲ್ಲಿ ತಂಟೆ ಮಾಡದೆ ಇರುತ್ತದೆ. ಅದರ ಕೆಲವು ತಳಿಗಳು ಗಾಯ ಸೇರಿದರೆ ವಿಷ ತಯಾರಿಸುತ್ತವೆ, ಈ ಕಾಯಿಲೆ ತರುವುದು ಆ ವಿಷವೇ. ಸಾಮಾನ್ಯ ಸೋಂಕಿಗೆ, ರೋಗದ ವಿರುದ್ಧ ಹೋರಾಡುವ ನಮ್ಮ ಟಿ-ಕೋಶಗಳಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಏಳುತ್ತವೆ. ಈ ವಿಷಕ್ಕೆ ಐದರಲ್ಲಿ ಒಂದು ಎದ್ದು ಕೂರಬಹುದು. ಜಗಳ ಬಿಡಿಸಲು ಊರಿಗೆ ಊರೇ ನುಗ್ಗಿದ ಹಾಗೆ. ರಕ್ತನಾಳಗಳು ಸೋರುತ್ತವೆ, ಬಿಪಿ ಕುಸಿಯುತ್ತದೆ.

ದೊಡ್ಡವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಈ ವಿಷಕ್ಕೆ ಪ್ರತಿಕಾಯ (ಅದನ್ನು ತಡೆಯುವ ಆ್ಯಂಟಿಬಾಡಿ) ಆಗಲೇ ಇರುತ್ತದೆ. ಕೂಸಿಗೆ ತಾಯಿಯಿಂದ ಬಂದದ್ದು ಕೆಲವು ತಿಂಗಳಲ್ಲಿ ಕರಗುತ್ತದೆ, ಸ್ವಂತದ್ದು ಕೂಡಿಬರಲು ವರ್ಷಗಳು ಬೇಕು. ಹಾಗಾಗಿ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಅಂಗೈಯಗಲದ ಸುಟ್ಟಗಾಯವೂ ಸಾಕು. ಹದಿಹರೆಯದವರಲ್ಲಿ ಟ್ಯಾಂಪೂನ್ ಅಪಾಯ ಹೆಚ್ಚಲು ಪ್ರತಿಕಾಯದ ಕೊರತೆಯೇ ಒಂದು ಕಾರಣ. ಟ್ಯಾಂಪೂನ್ ಜೊತೆ ಒಳಹೋಗುವ ಗಾಳಿಯ ಆಮ್ಲಜನಕ ವಿಷ ತಯಾರಿಗೆ ನೆರವಾಗುತ್ತದೆ. ಟ್ಯಾಂಪೂನನ್ನು ಎಂಟು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಮುಟ್ಟಿನ ರಕ್ತ ಹಿಡಿಯುವ ಕಪ್‌ನಿಂದಲೂ (ಮೆನ್‌ಸ್ಟ್ರುವಲ್ ಕಪ್) ಅಪರೂಪಕ್ಕೆ ಬಂದದ್ದುಂಟು. ಮೂಗಿಗೆ ತುರುಕಿದ ಬ್ಯಾಂಡೇಜು, ಆಪರೇಷನ್ ಗಾಯ, ಬಾಣಂತಿತನ ಇವೂ ದಾರಿಗಳೇ. ಸ್ಟ್ರೆಪ್ಟೋಕಾಕಸ್ ತರುವ ಇನ್ನೊಂದು ಬಗೆ ಸೀತಾಳೆ ಸಿಡುಬಿನ ಹುಣ್ಣಿನಿಂದಲೂ ಒಳನುಗ್ಗುತ್ತದೆ, ಅದರಲ್ಲಿ ಸಾವು ಹೆಚ್ಚು.

ಮೋಸ ಇರುವುದು ಗಾಯದ ನೋಟದಲ್ಲಿ. ಕೀವಿಲ್ಲ, ವಾಸನೆಯಿಲ್ಲ. ಎರಡನೇ, ಮೂರನೇ ದಿನ ಇದ್ದಕ್ಕಿದ್ದಂತೆ 39 ಡಿಗ್ರಿ ಸೆಲ್ಸಿಯಸ್ (102 ಫ್ಯಾರನ್‌ಹೀಟ್) ಜ್ವರ, ವಾಂತಿ, ಭೇದಿ, ಬಿಸಿಲಿಗೆ ಸುಟ್ಟಂತೆ ಮೈಯೆಲ್ಲ ಕೆಂಪು, ಮಗು ಮಂಕು. ಮನೆಯವರು ಡೆಂಗಿ ಅಂದುಕೊಳ್ಳುತ್ತಾರೆ, ತಿಂದದ್ದು ಆಗಲಿಲ್ಲ ಅಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಜ್ವರದ ಮಾತಷ್ಟೇ ಆಡಿ ಸುಟ್ಟಗಾಯ ಹೇಳದೆ ಬಿಟ್ಟರೆ ವೈದ್ಯರಿಗೂ ಸುಳಿವು ಸಿಗುವುದಿಲ್ಲ. ಹೇಳಿದರೆ ಅವರು ಪಟ್ಟಿ ಬಿಚ್ಚಿ ಗಾಯ ತೊಳೆಯುತ್ತಾರೆ, ಡ್ರಿಪ್ ಹಾಕುತ್ತಾರೆ, ಬೇರೆ ಆ್ಯಂಟಿಬಯೋಟಿಕ್ ಜೊತೆ ಕ್ಲಿಂಡಮೈಸಿನ್ ಸೇರಿಸುತ್ತಾರೆ. ಬ್ಯಾಕ್ಟೀರಿಯಾ ವಿಷ ತಯಾರಿಸುವುದನ್ನೇ ಅದು ತಡೆಯುತ್ತದೆ. ಅಂಗೈ, ಅಂಗಾಲಿನ ಚರ್ಮ ಸುಲಿಯುವುದು ಈ ಕಾಯಿಲೆಯ ಖಚಿತ ಗುರುತುಗಳಲ್ಲೊಂದು, ಆದರೆ ಅದು ಕಾಣಿಸುವುದು ಒಂದೆರಡು ವಾರ ಕಳೆದ ಮೇಲೆ.