671121 ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ಕಾಸರಗೋಡಿನ ಪಿನ್‌ಕೋಡ್ 671121 ಅವಿಭಾಜ್ಯವೇ? ಕ್ಯಾಲ್ಕುಲೇಟರ್ ಇಲ್ಲದೆ ಮಕ್ಕಳಿಗೆ ತೋರಿಸಿಕೊಡುವುದು ಹೇಗೆ?

ಅಲ್ಲ. 671121 = 3 × 3 × 11 × 6779. ಕೊನೆಯ 6779 ಮಾತ್ರ ದೊಡ್ಡ ಅವಿಭಾಜ್ಯ. ಅಲ್ಲಿಯವರೆಗೆ ಹೋಗಲು ಕಾಗದ, ಪೆನ್ಸಿಲ್ ಸಾಕು.

ಬಿಡಿಸ್ಥಾನದಲ್ಲಿ 1 ಇದೆ, ಹಾಗಾಗಿ 2 ಮತ್ತು 5ರ ಮಾತೇ ಇಲ್ಲ. ಕಾಞಂಗಾಡಿನ 671315 ಆಗಿದ್ದರೆ ನೋಡಿದೊಡನೆ 5 ಎನ್ನಬಹುದಿತ್ತು. ಮುಂದೆ ಅಂಕಿಗಳನ್ನು ಕೂಡಿಸಿ: 6+7+1+1+2+1 = 18. ಮೊತ್ತ 9ರಿಂದ ಭಾಗವಾಗುತ್ತದೆ, ಆದ್ದರಿಂದ ಸಂಖ್ಯೆಯೂ ಭಾಗವಾಗುತ್ತದೆ, ಭಾಗಲಬ್ಧ 74569. ಒಮ್ಮೆ 3ರಿಂದ ಭಾಗಿಸಿ, 223707 ಬಂದೊಡನೆ 3ನ್ನು ಮರೆತು ಮುಂದೆ ಹೋಗುವುದು ಮಕ್ಕಳು ಮಾಡುವ ಸಾಮಾನ್ಯ ತಪ್ಪು. ಅದರ ಅಂಕಿಗಳ ಮೊತ್ತ 21, ಅಂದರೆ ಇನ್ನೊಮ್ಮೆ 3 ಹೋಗುತ್ತದೆ.

74569ನ್ನು 7 ಭಾಗಿಸುವುದಿಲ್ಲ, ಶೇಷ 5. ಇನ್ನು 11. ಬಲಗಡೆಯಿಂದ ಒಂದು ಅಂಕಿ ಕೂಡಿಸಿ, ಮುಂದಿನದನ್ನು ಕಳೆಯುತ್ತ ಹೋಗಿ: 9−6+5−4+7 = 11. ಭಾಗವಾಗುತ್ತದೆ, ಉತ್ತರ 6779. ಈ ಕೂಡು-ಕಳೆಗೆ ಕಾರಣವಿದೆ: 10 ಎಂದರೆ 11ಕ್ಕೆ ಒಂದು ಕಡಿಮೆ, 100 ಎಂದರೆ 99ಕ್ಕೆ ಒಂದು ಹೆಚ್ಚು, 1000 ಎಂದರೆ 1001ಕ್ಕೆ ಒಂದು ಕಡಿಮೆ. 99, 1001 ಎರಡೂ 11ರ ಗುಣಕಗಳೇ.

6779ರಲ್ಲಿ ತಾಳ್ಮೆ ಬೇಕು. 82ರ ವರ್ಗ 6724, 83ರ ವರ್ಗ 6889. ಆದ್ದರಿಂದ 79ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು; 11ನ್ನು ಮತ್ತೊಮ್ಮೆ ನೋಡಲೇಬೇಕು, ಶೇಷ 3. 13ಕ್ಕೆ 6, 17ಕ್ಕೆ 13, 19ಕ್ಕೆ 15, 23ಕ್ಕೆ 17. ಇಷ್ಟಕ್ಕೇ ಸಾಕೆಂದು ನಿಲ್ಲಿಸಿದರೆ ಸಾಧನೆ ಅಪೂರ್ಣ. 37 ಮತ್ತು 61 ಎರಡಕ್ಕೂ ಶೇಷ 8 ಬಂದರೆ ಗಾಬರಿ ಬೇಡ: 6771 = 3 × 37 × 61. ಕೊನೆಗೆ 79ಕ್ಕೆ ಶೇಷ 64. ಎಲ್ಲಿಯೂ ಸೊನ್ನೆ ಬರುವುದಿಲ್ಲ.

ತಾಳೆ ನೋಡುವುದು ಸುಲಭ: 99 × 6779 = 677900 − 6779 = 671121. ಒಟ್ಟು ಭಾಜಕಗಳು 12: 1, 3, 9, 11, 33, 99, ಮತ್ತು ಇವುಗಳನ್ನು 6779ರಿಂದ ಗುಣಿಸಿದವು.

ಈ ಸಂಖ್ಯೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು 11. ಅಂಚೆ ಇಲಾಖೆ ಯೋಜಿಸಿ ಇಟ್ಟದ್ದಲ್ಲ, ತಾನಾಗಿ ಬಂದದ್ದು. ವಿಳಾಸದಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಬೇರೆ ಬೇರೆ ಅಂಕಿಗಳು ಅದಲುಬದಲಾದರೂ 11ರ ಪರೀಕ್ಷೆ ಹಿಡಿದುಕೊಡುತ್ತದೆ. 671121 ಬದಲು 671211 ಎಂದು ಬರೆದರೆ ಅಂಕಿಗಳ ಮೊತ್ತ 18ರಲ್ಲೇ ಇರುತ್ತದೆ, 9ರ ಪರೀಕ್ಷೆಗೆ ತಪ್ಪು ಕಾಣುವುದೇ ಇಲ್ಲ; 11ರಲ್ಲಿ ಮಾತ್ರ 1−1+2−1+7−6 = 2 ಎಂದು ಬಯಲಾಗುತ್ತದೆ. ನಡುವೆ ಒಂದು ಸ್ಥಾನ ಬಿಟ್ಟು ಅದಲುಬದಲಾದರೆ (176121) ಈ ಪರೀಕ್ಷೆಯೂ ಸೋಲುತ್ತದೆ. ಕುಂಬಳೆಯ 671321 ಬರೆಯುವವರು ಸೊನ್ನೆಯ ಬದಲು ಶೇಷ 2 ಬರಬೇಕೆಂದು ನೆನಪಿಟ್ಟುಕೊಂಡರೆ ಇದೇ ಲೆಕ್ಕ ಅಲ್ಲಿಯೂ ನಡೆಯುತ್ತದೆ.