ಒಂದು ಟಿಎಂಸಿಗೆ ಎಷ್ಟು ಸೊನ್ನೆ?

ಪ್ರಶ್ನೆ: ಮುಂಗಾರು ಶುರುವಾದರೆ ಕನ್ನಂಬಾಡಿ ಕಟ್ಟೆಯ ಲೆಕ್ಕ ದಿನಾ ಪೇಪರಿನಲ್ಲಿ ಬರುತ್ತದೆ. ಒಳಹರಿವು ಕ್ಯುಸೆಕ್‌ನಲ್ಲಿ, ಸಂಗ್ರಹ ಟಿಎಂಸಿಯಲ್ಲಿ. ಒಂದು ಟಿಎಂಸಿ ಅಂದರೆ ನಮ್ಮ ಲಕ್ಷ, ಕೋಟಿಯಲ್ಲಿ ಎಷ್ಟು? 20 ಸಾವಿರ ಕ್ಯುಸೆಕ್ ಬಂದರೆ ಕಟ್ಟೆಗೆ ಎಷ್ಟು ಟಿಎಂಸಿ ಸೇರಿತು ಅಂತ ಮನೆಯಲ್ಲೇ ಲೆಕ್ಕ ಹಾಕಬಹುದೆ?
— ಮದ್ದೂರಿನ ಓದುಗರೊಬ್ಬರು

ಉತ್ತರ: ಧಾರಾಳವಾಗಿ ಹಾಕಬಹುದು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದರ ಮುಂದೆ ಒಂಬತ್ತು ಸೊನ್ನೆ: 1,00,00,00,000. ಟಿ ಅಂದರೆ ಥೌಸಂಡ್, ಎಂ ಅಂದರೆ ಮಿಲಿಯನ್, ಸಿ ಅಂದರೆ ಕ್ಯೂಬಿಕ್. ಹತ್ತು ಲಕ್ಷದ ಸಾವಿರ ಪಟ್ಟು. ಹೆಚ್ಚಿನವರು ಎಡವುವುದು ಮಿಲಿಯನ್ನಿನಲ್ಲಿ. ಅದನ್ನು ಒಂದು ಲಕ್ಷ ಅಂದುಕೊಂಡರೆ ಒಂದು ಸೊನ್ನೆ ಬಿದ್ದುಹೋಗಿ ಉತ್ತರ ಹತ್ತು ಕೋಟಿಗೆ ಇಳಿಯುತ್ತದೆ. ಮೊಬೈಲ್ ಕ್ಯಾಲ್ಕುಲೇಟರ್ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕಿ 1,000,000,000 ಎಂದು ತೋರಿಸಿದಾಗಲೂ ಕಣ್ಣು ಮೋಸ ಹೋಗುತ್ತದೆ. ಕೋಟಿಗೆ ಏಳು ಸೊನ್ನೆ, ನೂರಕ್ಕೆ ಎರಡು ಎಂದು ಎಣಿಸಿಕೊಳ್ಳುವುದೇ ಕ್ಷೇಮ.

ಸಾವಿರವನ್ನು ಸಾವಿರದಿಂದ ಗುಣಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಗುಣಿಸಿದರೆ ನೂರು ಕೋಟಿ. ಅಂದರೆ ಇದೊಂದು ಪೂರ್ಣ ಘನ ಸಂಖ್ಯೆ. ಹಾಗಾಗಿ ಒಂದು ಟಿಎಂಸಿ ನೀರನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟವಲ್ಲ: ಉದ್ದ, ಅಗಲ, ಎತ್ತರ ಮೂರೂ ಸಾವಿರ ಅಡಿ ಇರುವ ತೊಟ್ಟಿ. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ, ಚಾಮುಂಡಿ ಬೆಟ್ಟದ ತುದಿ ಸುಮಾರು 3,489 ಅಡಿ. ಸಾವಿರ ಮೆಟ್ಟಿಲು ಹತ್ತುವಾಗ ನಾವು ಏರುವಷ್ಟೇ ಎತ್ತರದ ತೊಟ್ಟಿ ಎನ್ನಿ. ಕಟ್ಟೆ 124.80 ಅಡಿಗೆ ಭರ್ತಿಯಾದಾಗ ಹಿಡಿಯುವುದು 49.452 ಟಿಎಂಸಿ, ಅಂಥ ಸುಮಾರು ನಲವತ್ತೊಂಬತ್ತೂವರೆ ತೊಟ್ಟಿ.

ಈಗ ಕ್ಯುಸೆಕ್. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್, ಹೆಚ್ಚುಕಡಿಮೆ ಎರಡು ಕೊಡ ನೀರು. ದಿನಕ್ಕೆ 86,400 ಸೆಕೆಂಡು. ಕ್ಯುಸೆಕ್ ಅಂಕಿಯನ್ನು 86,400ರಿಂದ ಗುಣಿಸಿ ನೂರು ಕೋಟಿಯಿಂದ ಭಾಗಿಸಿದರೆ ಆ ದಿನದ ಟಿಎಂಸಿ. ನೀವು ಕೇಳಿದ 20,000 ಕ್ಯುಸೆಕ್ ದಿನವಿಡೀ ಬಂದರೆ 1.73 ಟಿಎಂಸಿ. ಆದರೆ ಹೊರಹರಿವನ್ನು ಮರೆಯಬೇಡಿ. ನಾಲೆಗೂ ನದಿಗೂ ಸೇರಿ 3,000 ಕ್ಯುಸೆಕ್ ಬಿಡುತ್ತಿದ್ದರೆ ಕಟ್ಟೆಯಲ್ಲಿ ಉಳಿಯುವುದು 17,000ದ ಲೆಕ್ಕ, ಅಂದರೆ 1.47 ಟಿಎಂಸಿ.

ಕ್ಯಾಲ್ಕುಲೇಟರ್ ಕೈಲಿಲ್ಲದಿದ್ದರೆ 12,000 ಕ್ಯುಸೆಕ್‌ಗೆ ದಿನಕ್ಕೊಂದು ಟಿಎಂಸಿ ಎಂದು ಹಿಡಿಯಿರಿ. ಉತ್ತರ ಶೇ. 3.5ರಷ್ಟು ಕಡಿಮೆ ಬರುತ್ತದೆ, ಕಟ್ಟೆ ಮೇಲಿನ ಮಾತಿಗೆ ಅಷ್ಟು ಸಾಕು. ನಿಖರವಾಗಿ ಬೇಕೆಂದರೆ 11,574.074074... ಈ 074 ಮುಗಿಯುವುದೇ ಇಲ್ಲ. ಕಾರಣ ನೂರು ಕೋಟಿಯ ಒಡಲಲ್ಲೇ ಇದೆ: ಅದರಲ್ಲಿರುವುದು ಒಂಬತ್ತು 2, ಒಂಬತ್ತು 5, ಅಷ್ಟೆ. (ಹೀಗಾಗಿ ಅದಕ್ಕೆ ಸರಿಯಾಗಿ ನೂರು ಭಾಜಕಗಳು!) 86,400ರಲ್ಲಾದರೋ ಮೂರು 3 ಸೇರಿಕೊಂಡಿವೆ. ದುಂಡು ಸಂಖ್ಯೆಯನ್ನು 27ರಿಂದ ಭಾಗಿಸಲು ಹೋದಂತೆ, ಶೇಷ ತೀರುವುದಿಲ್ಲ. ಇನ್ನೊಂದು ಬದಿಯಿಂದ ನೋಡಿದರೆ, ಒಂದೇ ಒಂದು ಕ್ಯುಸೆಕ್ ನೀರು ಒಂದು ಟಿಎಂಸಿ ಆಗಲು ನೂರು ಕೋಟಿ ಸೆಕೆಂಡು ಹರಿಯಬೇಕು. ಅದು 31 ವರ್ಷ 8 ತಿಂಗಳು.

ನಮ್ಮಲ್ಲಿ ಈ ಸಂಖ್ಯೆಗೆ ಹೆಸರು ಮೊದಲಿಂದಲೂ ಇದೆ, ಒಂದಲ್ಲ, ಹಲವು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಡುತ್ತಾನೆ, ಹತ್ತನೆಯದು ಶತಕೋಟಿ. ಇವತ್ತಿನ ‘ಶತಕೋಟ್ಯಧಿಪತಿ’ಯಲ್ಲಿರುವುದೂ ಅದೇ ಎಣಿಕೆ. ಆರ್ಯಭಟನಲ್ಲಿ ಅದು ವೃಂದ, ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಅಬ್ಜ. ಅಬ್ಜ ಎಂದರೆ ನೀರಲ್ಲಿ ಹುಟ್ಟಿದ್ದು, ಕಮಲ. ಅಣೆಕಟ್ಟೆಯ ನೀರಳೆಯುವ ಸಂಖ್ಯೆಗೆ ಈ ಹೆಸರು ಒದಗಿದ್ದು ಕಾಕತಾಳೀಯ, ಆದರೂ ಚೆಂದ. ಅರ್ಬುದ ಎಂಬ ಪದವನ್ನು ಮಾತ್ರ ಬಳಸದಿರುವುದು ಒಳ್ಳೆಯದು. ಲೀಲಾವತಿಯಲ್ಲಿ ಅದು ಹತ್ತು ಕೋಟಿ, ಮಹಾವೀರಾಚಾರ್ಯನಲ್ಲಿ ಸಾವಿರ ಕೋಟಿ, ಅದರಿಂದಲೇ ಬಂದ ಹಿಂದಿಯ ‘ಅರಬ್’ ನೂರು ಕೋಟಿ. ಇನ್ನು ಮಾತಿನಲ್ಲಿ ‘ಕೋಟಿ ಕೊಟ್ಟರೂ ಬೇಡ’ ಎಂದಾಗ ಅಲ್ಲಿ ಲೆಕ್ಕವೇ ಇಲ್ಲ, ಬೇಡ ಅನ್ನುವುದಷ್ಟೇ ಇದೆ.

ಲೆಕ್ಕ ತಪ್ಪುವ ಇನ್ನೆರಡು ಜಾಗ ಹೇಳಬೇಕು. ಕ್ಯುಸೆಕ್ ಹರಿವಿನ ವೇಗ, ಟಿಎಂಸಿ ನೀರಿನ ಮೊತ್ತ. ‘5,000 ಕ್ಯುಸೆಕ್ ಬಿಟ್ಟರು’ ಎಂದರೆ ಎಷ್ಟು ದಿನ ಎಂದು ಕೇಳದೆ ಏನೂ ತಿಳಿಯುವುದಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ತಮಿಳುನಾಡಿಗೆ 15 ದಿನ 5,000 ಕ್ಯುಸೆಕ್ ಎಂದಾಗ ಒಟ್ಟು ಮೊತ್ತ 6.48 ಟಿಎಂಸಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನ 177.25 ಟಿಎಂಸಿ ಇಡೀ ವರ್ಷದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಮೊದಲು ಟಿಎಂಸಿಗೆ ತಿರುಗಿಸಿಕೊಳ್ಳಿ.

ಎರಡನೆಯದು ಅಡಿ. ಮಟ್ಟ 100 ಅಡಿ ಎಂದರೆ ಕಟ್ಟೆ ಶೇ. 80 ತುಂಬಿದೆ ಎಂದಲ್ಲ. ಜಲಾಶಯ ತಟ್ಟೆಯ ಹಾಗೆ ಮೇಲೆ ಹರಡಿ ಕೆಳಗೆ ಕಿರಿದಾಗುತ್ತದೆ. 100 ಅಡಿಯಲ್ಲಿ ಇರುವುದು ಅರ್ಧಕ್ಕೂ ಕಡಿಮೆ ನೀರು. ಮೇಲ್ಗಡೆ ಒಂದಡಿ ಏರಲು ಒಂದು ಟಿಎಂಸಿಗೂ ಹೆಚ್ಚು ಬೇಕು, ತಳದಲ್ಲಿ ಅದರ ಒಂದು ಪಾಲು ಸಾಕು.

ಗದ್ದೆಯ ಲೆಕ್ಕಕ್ಕೆ ತಂದರೆ, ಒಂದು ಟಿಎಂಸಿ 22,957 ಎಕರೆ ಮೇಲೆ ಒಂದಡಿ ನಿಲ್ಲುವಷ್ಟು ನೀರು. ಭತ್ತಕ್ಕೆ ಬೆಳೆ ಮುಗಿಯುವಷ್ಟರಲ್ಲಿ ನಾಲ್ಕಡಿ ಬೇಕೆಂದು ಹಿಡಿದರೆ ಸುಮಾರು 5,700 ಎಕರೆ. ಇದು ಗದ್ದೆಯ ಬದುವಿನೊಳಗಿನ ಲೆಕ್ಕ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಬರುವಾಗ ದಾರಿಯಲ್ಲಿ ಇಂಗಿ, ಸೋರಿ ಹೋಗುವುದನ್ನು ಕಟ್ಟೆಯಲ್ಲೇ ಕಳೆದುಕೊಂಡು ಎಕರೆ ಎಣಿಸಬೇಕು.